ಎಫ್‌ಪಿಓ ಬೋರ್ಡಿಗೆ ಹೊಸದಾಗಿ ಬಂದಿದ್ದೀರಾ? ಕೈ ಎತ್ತುವ ಮೊದಲು ಕಲಿಯಬೇಕಾದದ್ದು

ಸೆಪ್ಟೆಂಬರ್ ಬಂತೆಂದರೆ ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈತ ಉತ್ಪಾದಕ ಕಂಪನಿಗಳ, ಅಂದರೆ ಎಫ್‌ಪಿಓಗಳ, ಮಹಾಸಭೆಗಳು ಶುರುವಾಗುತ್ತವೆ. ಶಾಮಿಯಾನ, ಹಾರ, ಶಾಲು, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹೊಸ ನಿರ್ದೇಶಕರ ಹೆಸರು ಕೂಗುತ್ತಾರೆ, ಚಪ್ಪಾಳೆ ಬೀಳುತ್ತದೆ. ನಿನ್ನೆಯವರೆಗೆ ಬರೀ ರೈತರಾಗಿದ್ದವರು ಅವತ್ತಿನಿಂದ ಕಾನೂನಿನ ಲೆಕ್ಕದಲ್ಲಿ ಒಂದು ಕಂಪನಿಯ ಡೈರೆಕ್ಟರ್. ಆದರೆ ಡೈರೆಕ್ಟರ್ ಅಂದರೆ ಏನು ಮಾಡಬೇಕು ಅಂತ ಅವರನ್ನು ಕೂರಿಸಿಕೊಂಡು ಹೇಳುವವರು ಬಹಳ ಕಡಿಮೆ.

ನನಗೂ ಯಾರೂ ಹೇಳಿರಲಿಲ್ಲ. ನಾನು ಹೋದ ಮೊದಲ ಬೋರ್ಡ್ ಮೀಟಿಂಗಿನಲ್ಲಿ ಗೊಬ್ಬರ ಉದ್ರಿ ಕೊಡುವ ಠರಾವು ಬಂತು. "ಎಲ್ಲಾರ್ದೂ ಒಪ್ಪಿಗೆ ಐತಲ್ರೀ?" ಅಂದರು. ಅಕ್ಕಪಕ್ಕದವರು ಕೈ ಎತ್ತಿದರು, ನಾನೂ ಎತ್ತಿದೆ. ಯಾರಿಗೆ ಉದ್ರಿ, ಎಷ್ಟು ದಿನಕ್ಕೆ, ವಸೂಲಿ ಯಾರು ಮಾಡಬೇಕು, ಒಂದನ್ನೂ ಕೇಳಲಿಲ್ಲ. ಮುಂದಿನ ಮುಂಗಾರಿಗೆ ಗೊಬ್ಬರ ತರಲು ಕಂಪನಿಯ ಖಾತೆಯಲ್ಲಿ ದುಡ್ಡೇ ಇರಲಿಲ್ಲ. ಉದ್ರಿ ಪಟ್ಟಿ ತೆಗೆದು ನೋಡಿದರೆ ಸದಸ್ಯರೇ ಅಲ್ಲದವರ ಹೆಸರುಗಳೂ ಇದ್ದವು. ಆ ಠರಾವಿನ ಕೆಳಗೆ ನನ್ನ ಸಹಿ ಇದೆ. ಅದಾದ ಮೇಲೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಷೇರುಪೇಟೆಯಲ್ಲಿರುವ ದೊಡ್ಡ ಲಿಸ್ಟೆಡ್ ಕಂಪನಿಗಳಿಗೆ ಈ ವಿಷಯದಲ್ಲಿ ನಿಯಮವೇ ಇದೆ. ಸ್ವತಂತ್ರ ನಿರ್ದೇಶಕರಿಗೆ (ಕಂಪನಿಯ ಜೊತೆ ಸ್ವಂತ ವ್ಯವಹಾರದ ನಂಟಿಲ್ಲದ ಹೊರಗಿನ ನಿರ್ದೇಶಕರಿಗೆ) ಕಂಪನಿಯ ವ್ಯವಹಾರ, ಅವರ ಹಕ್ಕು, ಹೊಣೆ ಎಲ್ಲವನ್ನೂ ಪರಿಚಯ ಮಾಡಿಕೊಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳುತ್ತದೆ. ಸ್ವತಂತ್ರ ನಿರ್ದೇಶಕರಾಗುವವರು ಮಾನೇಸರ್‌ನ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ ನಡೆಸುವ ಡೇಟಾಬ್ಯಾಂಕಿನಲ್ಲಿ ಹೆಸರು ಸೇರಿಸಬೇಕು. ಅನುಭವದ ಮೇಲೆ ವಿನಾಯಿತಿ ಸಿಕ್ಕವರನ್ನು ಬಿಟ್ಟು ಉಳಿದವರು ಆನ್‌ಲೈನ್ ಪರೀಕ್ಷೆಯಲ್ಲಿ ಶೇ. 50 ಅಂಕ ತೆಗೆಯಬೇಕು. ನಮ್ಮ ಎಫ್‌ಪಿಓಗಳಿಗೆ, ಅಣ್ಣತಮ್ಮಂದಿರು ಸೇರಿ ಮಾಡಿದ ರೈಸ್ ಮಿಲ್ ಪ್ರೈವೇಟ್ ಲಿಮಿಟೆಡ್‌ಗಳಿಗೆ ಈ ಕಟ್ಟುಪಾಡು ಇಲ್ಲ. ಹೊಣೆ ಮಾತ್ರ ಇದ್ದೇ ಇದೆ. ಹಾಗಾಗಿ ಕಲಿಯುವ ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು.

ಎಫ್‌ಪಿಓ ನಿರ್ದೇಶಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮಿಲ್ಲಿನ ಬೋರ್ಡಿಗೆ ಮಗನನ್ನೋ ಸೊಸೆಯನ್ನೋ ಸೇರಿಸುವವರಿಗೂ ಇದರಲ್ಲಿ ಮುಕ್ಕಾಲು ಭಾಗ ಹೊಂದುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ

ನಿರ್ದೇಶಕರಾಗಲು ಒಪ್ಪಿದ್ದೇನೆ ಅಂತ ಡಿಐಆರ್-2 ಎಂಬ ಫಾರಂಗೆ ಸಹಿ ಹಾಕುತ್ತೀರಿ. ನಿಮ್ಮ ಹೆಸರಿಗೆ ಡಿನ್ ನಂಬರ್, ಅಂದರೆ ನಿರ್ದೇಶಕರ ಗುರುತಿನ ಸಂಖ್ಯೆ ಬರುತ್ತದೆ. ಡಿಜಿಟಲ್ ಸಹಿಯನ್ನೂ ಮಾಡಿಸುತ್ತಾರೆ. ಅದು ನೋಡಲು ಪೆನ್‌ಡ್ರೈವ್ ಇದ್ದ ಹಾಗೆ ಇರುತ್ತದೆ.

ಆ ಪೆನ್‌ಡ್ರೈವ್ ಎಲ್ಲಿದೆ ಅಂತ ನಿಮ್ಮೂರಿನ ನಿರ್ದೇಶಕರನ್ನು ಕೇಳಿ ನೋಡಿ. "ಆಡಿಟರ್ ಆಫೀಸಿನ್ಯಾಗ ಐತ್ರಿ" ಅನ್ನುವವರೇ ಜಾಸ್ತಿ. ಪಾಸ್‌ವರ್ಡ್ ಕೂಡ ಅದೇ ಡಬ್ಬಿಯ ಮೇಲೆ ಚೀಟಿ ಅಂಟಿಸಿ ಬರೆದಿರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ: ಒಂದು ಬೂಟಿನ ಡಬ್ಬಿ ತುಂಬ ಹತ್ತಾರು ನಿರ್ದೇಶಕರ ಸಹಿಗಳು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಅದರಲ್ಲಿ ನನ್ನದೂ ಒಂದು. ಖಾಲಿ ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತಿ ಬೇರೆಯವರ ಕೈಗೆ ಕೊಡುತ್ತೇವೆಯೇ? ಇದೂ ಅಷ್ಟೇ. ಮೊದಲ ದಿನವೇ ಹೋಗಿ ಅದನ್ನು ಇಸಿದುಕೊಳ್ಳಿ, ಮನೆಯ ಟ್ರೆಜರಿಯಲ್ಲಿಡಿ. ಫಾರಂ ತುಂಬುವ ದಿನ ನೀವೇ ತೆಗೆದುಕೊಂಡು ಹೋಗಿ, ಏನು ತುಂಬಿದ್ದಾರೆ ಅಂತ ಓದಿಸಿಕೊಂಡು ಸಹಿ ಹಾಕಿ. ಮೊಬೈಲಿಗೆ ಬರುವ ಓಟಿಪಿಗೂ ಇದೇ ಮಾತು.

ಇನ್ನೊಂದು ವಿಷಯ. ಅಕ್ಕಂದಿರ ಹೆಸರು ಬೋರ್ಡಿನಲ್ಲಿರುತ್ತದೆ, ಮೀಟಿಂಗಿಗೆ ಅವರ ಯಜಮಾನರು ಬಂದು ಕೂರುತ್ತಾರೆ. ಇದು ನಡೆಯುವುದಿಲ್ಲ. ಬೋರ್ಡ್ ಮೀಟಿಂಗಿಗೆ ನಿರ್ದೇಶಕರ ಬದಲಿಗೆ ಹೀಗೆ ಮನೆಯವರು ಬಂದು ಕೂರುವ ಅವಕಾಶ ಕಾನೂನಿನಲ್ಲಿ ಇಲ್ಲ. ನಷ್ಟದ ಹೊಣೆ ಬಂದರೆ ನೋಟಿಸ್ ಬರುವುದು ಅಕ್ಕನ ಹೆಸರಿಗೆ. ಹಾಗಿದ್ದ ಮೇಲೆ ಕಲಿಯುವ ಹಕ್ಕೂ ಕೂರುವ ಕುರ್ಚಿಯೂ ಅಕ್ಕನದೇ.

ಮೊದಲ ವಾರ: ಐದು ಕಾಗದ, ಒಂದು ನೋಟ್‌ಬುಕ್

200 ಪುಟದ ಉದ್ದನೆಯ ನೋಟ್‌ಬುಕ್ ಒಂದು ತನ್ನಿ. ಆಮೇಲೆ ಸಿಇಓ ಅವರ ಹತ್ತಿರ ಐದು ಕಾಗದ ಕೇಳಿ ಪಡೆಯಿರಿ: ಕಂಪನಿಯ ಆರ್ಟಿಕಲ್ಸ್ (ಒಳನಿಯಮಗಳು), ಹೋದ ವರ್ಷದ ಆಡಿಟ್ ವರದಿ, ಹಿಂದಿನ ನಾಲ್ಕು ಮೀಟಿಂಗುಗಳ ನಡಾವಳಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಲೈಸೆನ್ಸುಗಳ ಪಟ್ಟಿ.

ಆರ್ಟಿಕಲ್ಸ್ ಇಂಗ್ಲಿಷಿನಲ್ಲಿರುತ್ತದೆ. ಹೆದರಬೇಡಿ. ಪೂರ್ತಿ ಓದುವುದೂ ಬೇಡ. ಸಿಇಓ ಜೊತೆ ಒಂದು ಮಧ್ಯಾಹ್ನ ಕೂತು ನಿರ್ದೇಶಕರ ಅವಧಿ, ಮೀಟಿಂಗಿನ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ಚೆಕ್ಕಿಗೆ ಯಾರ್ಯಾರ ಸಹಿ, ಸಾಲದ ಮಿತಿ, ಇವಿಷ್ಟನ್ನು ಕನ್ನಡದಲ್ಲಿ ಹೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಲೈಸೆನ್ಸ್ ಪಟ್ಟಿಯಲ್ಲಿ ಗೊಬ್ಬರ, ಬೀಜ, ಔಷಧಿ ಮೂರೂ ಬೇರೆ ಬೇರೆ ಇರುತ್ತವೆ. ಪ್ರತಿಯೊಂದರ ಮುಂದೆ ಮುಗಿಯುವ ತಾರೀಖು ಬರೆಯಿರಿ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದೇ ಒಂದು ಕೆಲಸ ಮಾಡಿ. ದೊಡ್ಡ ಮೊತ್ತದ ಹತ್ತು ಪಾವತಿಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅವುಗಳ ಬಿಲ್ಲು ತೋರಿಸಿ ಅಂತ ಕೇಳಿ. ತಪ್ಪು ಹುಡುಕಲು ಅಲ್ಲ. ಹತ್ತು ಬಿಲ್ಲು ನೋಡಿದರೆ ಕಂಪನಿ ಹೇಗೆ ನಡೆಯುತ್ತಿದೆ ಅನ್ನುವುದು ಯಾವ ತರಬೇತಿಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಮೊದಲ ತಿಂಗಳು: ಗೋದಾಮಿಗೆ ಹೋಗಿ

ಹೆಚ್ಚಿನ ತರಬೇತಿಗಳು ಒಂದು ದಿನ ಸಭಾಂಗಣದಲ್ಲಿ ನಡೆಯುತ್ತವೆ. ಬ್ಯಾಗು, ಪೆನ್ನು, ಊಟ, ಗುಂಪು ಫೋಟೋ ಆಗುತ್ತದೆ. ಹೇಳುವವರು ಒಳ್ಳೆಯದನ್ನೇ ಹೇಳುತ್ತಾರೆ. ಆದರೆ ನಮ್ಮದೇ ಲೆಕ್ಕ, ನಮ್ಮದೇ ಚೀಲ ಕಣ್ಣ ಮುಂದೆ ಇಲ್ಲದಿದ್ದರೆ ಕೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ನನಗೆ ಈ ಪಾಠ ಕಲಿಸಿದ್ದು ನಮ್ಮ ಬೋರ್ಡಿನ ಒಬ್ಬ ಅಕ್ಕ. ನಾಲ್ಕನೇ ಇಯತ್ತೆ ಓದಿದವರು. ಮೀಟಿಂಗಿನಲ್ಲಿ ಸ್ಟಾಕ್ ಪಟ್ಟಿ ಓದುವಾಗ ಡಿಎಪಿ 140 ಚೀಲ ಅಂತ ಬಂತು. ಅಕ್ಕ ಸುಮ್ನೆ ಎದ್ದರು. "ನಡೀರಿ ಸರ್ರ, ಎಣಿಸಿ ಬರೂಣು" ಅಂದರು. ಸಿಇಓ ನಕ್ಕರು. ಅಕ್ಕ ನಗಲಿಲ್ಲ, ಚಪ್ಪಲಿ ಹಾಕಿಕೊಂಡು ನಡೆದೇಬಿಟ್ಟರು. ನಾವೂ ಹಿಂದೆ ಹೋದೆವು. ಥಪ್ಪಿಗೆ ಇಷ್ಟು ಸಾಲು, ಸಾಲಿಗೆ ಇಷ್ಟು ಚೀಲ ಅಂತ ಬೆರಳು ಮಡಚಿ ಎಣಿಸಿದರು. 112 ಇದ್ದವು. ಗೊಬ್ಬರ ಮಾರುವ ಪಿಓಎಸ್ ಮೆಷಿನ್ ತೆರೆಸಿದರೆ ಅದರಲ್ಲಿ 140 ಎಂದೇ ಇತ್ತು. 28 ಚೀಲ ರೈತರ ಮನೆಗೆ ಹೋಗಿದ್ದವು, ಆದರೆ ಮೆಷಿನ್ನಿಗೆ ಬೆರಳೂ ಕೊಟ್ಟಿರಲಿಲ್ಲ, ರಸೀದಿಯೂ ಹರಿದಿರಲಿಲ್ಲ. ಚೀಲಕ್ಕೆ 1,350 ರೂಪಾಯಿಯಂತೆ 37,800 ರೂಪಾಯಿ. "ನಾಳೆ ಇನ್‌ಸ್ಪೆಕ್ಟರ್ ಬಂದು ಎಣಿಸಿದ್ರ ಲೈಸೆನ್ಸ್ ಯಾರ್ದು ಹೋಗ್ತೈತ್ರಿ, ನಿಮ್ದೋ ನಮ್ದೋ?" ಅಂತ ಅಕ್ಕ ಕೇಳಿದ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹೀಗಾಗಿ ಹೊಸ ನಿರ್ದೇಶಕರು ಮೊದಲ ತಿಂಗಳಲ್ಲಿ ಮೂರು ಕಡೆ ಅರ್ಧರ್ಧ ದಿನ ನಿಲ್ಲಬೇಕು ಅನ್ನುತ್ತೇನೆ. ಒಂದು, ಗೋದಾಮು. ಪುಸ್ತಕದ ಲೆಕ್ಕ, ಮೆಷಿನ್ ಲೆಕ್ಕ, ಕೈ ಎಣಿಕೆ ಮೂರೂ ಒಂದೇ ಇದೆಯಾ ನೋಡಿ. ಎರಡು, ತೂಕದ ಕಾಟಾ. ನಮ್ಮ ಕಡೆ ಭತ್ತ 75 ಕೆಜಿ ಚೀಲದ ಲೆಕ್ಕ. ಕಂಪನಿ ಖರೀದಿ ಮಾಡುವಾಗ ಸೂಟಿನ (ತೂಕದ ಕಡಿತದ) ಹೆಸರಲ್ಲಿ ಎಷ್ಟು ಮುರಿಯುತ್ತಾರೆ, ತೇವ ಅಳೆಯುವ ಮೆಷಿನ್ ಇದೆಯೋ ಇಲ್ಲವೋ ನೋಡಿ. ಬೆಂಬಲ ಬೆಲೆ ಖರೀದಿಗೆ ಭತ್ತದ ತೇವ ಶೇ. 17 ಮೀರಬಾರದು. ಇಂಥ ಅಂಕಿ ನಿರ್ದೇಶಕರ ನಾಲಿಗೆ ಮೇಲೆ ಇರಬೇಕು. ಮೂರು, ಕೌಂಟರ್. ಅಲ್ಲಿ ಸುಮ್ನೆ ಕೂತರೆ ಸದಸ್ಯರು ಏನು ಕೇಳಿ ಬರಿಗೈಲಿ ಹೋಗುತ್ತಾರೆ ಅನ್ನುವುದು ಕಿವಿಗೆ ಬೀಳುತ್ತದೆ.

ಕಾನೂನು: ಒಂದು ಪುಟದಷ್ಟು ಸಾಕು

ಉತ್ಪಾದಕ ಕಂಪನಿಗಳ ನಿಯಮಗಳು ಮೊದಲು 1956ರ ಕಂಪನಿ ಕಾಯ್ದೆಯಲ್ಲಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು 2013ರ ಕಾಯ್ದೆಯೊಳಗೆ ಸೇರಿಸಿದರು. ನೋಟ್‌ಬುಕ್ಕಿನ ಒಂದು ಪುಟಕ್ಕೆ ಇಳಿಸಿಕೊಳ್ಳಬೇಕಾದದ್ದು ಇಷ್ಟು.

ಬೋರ್ಡಿನಲ್ಲಿ 5ಕ್ಕಿಂತ ಕಡಿಮೆ, 15ಕ್ಕಿಂತ ಜಾಸ್ತಿ ನಿರ್ದೇಶಕರು ಇರುವಂತಿಲ್ಲ. ಮೂರು ತಿಂಗಳಿಗೆ ಒಮ್ಮೆಯಾದರೂ ಮೀಟಿಂಗ್ ಆಗಬೇಕು, ವರ್ಷಕ್ಕೆ ನಾಲ್ಕು. ನೋಟಿಸ್ 7 ದಿನ ಮುಂಚೆ ಬರಬೇಕು. ಕೋರಂ ಅಂದರೆ ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಭಾಗ, ಕನಿಷ್ಠ ಮೂವರು. ಮಹಾಸಭೆಗೆ 14 ದಿನದ ನೋಟಿಸ್, ಸದಸ್ಯರಲ್ಲಿ ಕಾಲು ಭಾಗದ ಹಾಜರಿ ಬೇಕು. ಸಿಇಓ ಪೂರ್ಣಾವಧಿ ಕೆಲಸದವರಾಗಿರಬೇಕು, ಸದಸ್ಯರಲ್ಲದವರಾಗಿರಬೇಕು, ಅವರನ್ನು ನೇಮಿಸುವುದು ಬೋರ್ಡು. ಅಂದರೆ ಸಿಇಓ ಲೆಕ್ಕ ಒಪ್ಪಿಸಬೇಕಾದದ್ದು ನಮಗೆ. ನಮ್ಮ ಕಡೆ ಎಷ್ಟೋ ಬೋರ್ಡುಗಳಲ್ಲಿ ಇದು ತಲೆಕೆಳಗಾಗಿದೆ.

ಸದಸ್ಯರಿಗೆ ಉದ್ರಿ ಕೊಡಬಹುದು, ಆದರೆ 6 ತಿಂಗಳು ಮೀರುವಂತಿಲ್ಲ. ನಿರ್ದೇಶಕರಿಗೋ ಅವರ ಸಂಬಂಧಿಕರಿಗೋ ಸಾಲ, ಮುಂಗಡ ಕೊಡುವುದಾದರೆ ಮಹಾಸಭೆಯ ಒಪ್ಪಿಗೆ ಬೇಕೇ ಬೇಕು. ಬೋರ್ಡಿನ ಠರಾವು ಸಾಲದು.

ಇನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಬೇಕಾದ ಮಾತು. ಕಾನೂನಿಗೋ ಆರ್ಟಿಕಲ್ಸಿಗೋ ವಿರುದ್ಧವಾದ ಠರಾವಿಗೆ ನಿರ್ದೇಶಕರು ಮತ ಹಾಕಿ ಕಂಪನಿಗೆ ನಷ್ಟವಾದರೆ, ಅದನ್ನು ತುಂಬಿಕೊಡುವ ಹೊಣೆ ಮತ ಹಾಕಿದವರದು. ಎಲ್ಲರೂ ಸೇರಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ನಾನು ಬರೀ ಕೈ ಎತ್ತಿದೆ ಅಷ್ಟೇ ಅಂದರೆ ಕೇಳುವುದಿಲ್ಲ.

ಲೆಕ್ಕಪತ್ರ, ವಾರ್ಷಿಕ ವರದಿಯ ಫಾರಂಗಳು ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ ಬೀಳುತ್ತದೆ. ಎರಡು ಫಾರಂ 300 ದಿನ ಮರೆತರೆ 60,000 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದೇ ಇದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಬೇರೆ ಯಾವ ಕಂಪನಿಗೂ ಹೊಸದಾಗಿ ನಿರ್ದೇಶಕರಾಗಲು ಬರುವುದಿಲ್ಲ. ಮಗ ಮುಂದೆ ಏನೋ ಕಂಪನಿ ಮಾಡುತ್ತೇನೆ, ಅಪ್ಪಾ ನೀನೂ ಸೇರು ಅಂದಾಗ ಇದರ ಬಿಸಿ ಗೊತ್ತಾಗುತ್ತದೆ.

ಲೆಕ್ಕ ಓದುವುದು: ನಾಲ್ಕು ಸಾಲು

ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಪೂರ್ತಿ ಅರ್ಥವಾಗಬೇಕಿಲ್ಲ. ನಾಲ್ಕು ಸಾಲುಗಳ ಮೇಲೆ ಬೆರಳಿಡಿ: ಬರಬೇಕಾದ ಉದ್ರಿ, ಉಳಿದ ಸ್ಟಾಕು, ನಾವು ಕೊಡಬೇಕಾದದ್ದು, ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿರುವ ದುಡ್ಡು. ಈ ವರ್ಷದ ಅಂಕಿ ಪಕ್ಕದಲ್ಲೇ ಹೋದ ವರ್ಷದ್ದೂ ಇರುತ್ತದೆ.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 60 ಲಕ್ಷದ ವಹಿವಾಟು, 80 ಸಾವಿರ ಲಾಭ ಅಂತ ಓದಿದರು ಅನ್ನಿ. ಎಲ್ಲರಿಗೂ ಖುಷಿ. ಆದರೆ ಉದ್ರಿಯ ಸಾಲಿನಲ್ಲಿ ಹೋದ ವರ್ಷ 4 ಲಕ್ಷ ಇದ್ದದ್ದು ಈ ಸಲ 9 ಲಕ್ಷ ಆಗಿದೆ. 5 ಲಕ್ಷ ಜಾಸ್ತಿ ಹೊರಗೆ ಕೂತಿದೆ. ಆ 80 ಸಾವಿರ ಇನ್ನೂ ಪುಸ್ತಕದಲ್ಲಿದೆ, ಗಲ್ಲೆಗೆ ಬಂದಿಲ್ಲ. ಆಗ ಕೇಳಬೇಕಾದದ್ದು ಒಂದೇ: 6 ತಿಂಗಳು ದಾಟಿದ ಉದ್ರಿ ಎಷ್ಟು, ಹೆಸರು ಸಮೇತ ಪಟ್ಟಿ ಕೊಡಿ. ಪಟ್ಟಿ ಇದ್ದರೆ ಐದು ನಿಮಿಷದಲ್ಲಿ ಬರುತ್ತದೆ. "ಮುಂದಿನ ಮೀಟಿಂಗಿಗೆ ಕೊಡ್ತೀನ್ರಿ" ಅಂದರೆ ಪಟ್ಟಿಯೇ ಇಲ್ಲ ಅಂತ ತಿಳಿಯಿರಿ. ಆ ಮಾತನ್ನು ನಡಾವಳಿಯಲ್ಲಿ ತಾರೀಖು ಸಮೇತ ಬರೆಸಿ.

ಗಣಿತ ಬರುವುದಿಲ್ಲ ಅನ್ನುವ ಸಂಕೋಚ ಬಿಡಿ. ದಲಾಲಿ ಅಂಗಡಿಯಲ್ಲಿ ಹಮಾಲಿ, ಕಮಿಷನ್, ಮುಂಗಡದ ಬಡ್ಡಿ ಎಲ್ಲಾ ಬಾಯಲ್ಲೇ ಕಳೆದು ಪಟ್ಟಿ ಹಣ ಹೇಳುವ ರೈತರು ನಾವು. ಇದು ಅದಕ್ಕಿಂತ ಕಷ್ಟದ್ದಲ್ಲ.

ಠರಾವು ಬಂದಾಗ

ಪ್ರತಿ ಠರಾವಿಗೂ ನಾನು ನಾಲ್ಕು ಕೇಳುತ್ತೇನೆ. ಎಷ್ಟು ದುಡ್ಡು? ಎಲ್ಲಿಂದ? ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ? ನಮ್ಮಲ್ಲಿ ಯಾರಿಗಾದರೂ ಇದರಲ್ಲಿ ಸ್ವಂತ ಲಾಭ ಇದೆಯಾ?

ನಾಲ್ಕನೆಯದನ್ನು ಕೇಳುವುದೇ ಕಷ್ಟ. ಎಲ್ಲಾ ಒಂದೇ ಊರಿನವರು, ಬೀಗರು, ಅಣ್ಣತಮ್ಮಂದಿರು. ಕಾಕಾ ಅಂತ ಕರೆಯುವವರನ್ನು ಎದುರಿಗೆ ಹೇಗೆ ಕೇಳುವುದು ಅಂತ ಬಾಯಿ ಕಟ್ಟುತ್ತದೆ. ಇದಕ್ಕೆ ಕಾನೂನೇ ದಾರಿ ಮಾಡಿದೆ. ಆರ್ಥಿಕ ವರ್ಷದ ಮೊದಲ ಮೀಟಿಂಗಿನಲ್ಲಿ ಪ್ರತಿ ನಿರ್ದೇಶಕರೂ ಎಂಬಿಪಿ-1 ಎಂಬ ಕಾಗದದಲ್ಲಿ ತಮ್ಮ ಬೇರೆ ವ್ಯವಹಾರಗಳನ್ನು ಬರೆದು ಕೊಡಬೇಕು. ಗೊಬ್ಬರದ ಅಂಗಡಿ, ಮಿಲ್ಲಿನಲ್ಲಿ ಪಾಲು, ಹೀಗೆ ಎಲ್ಲ. ಎಲ್ಲರೂ ಬರೆದರೆ ಯಾರಿಗೂ ಅವಮಾನವಿಲ್ಲ. ಕಂಪನಿ ಬಾಡಿಗೆಗೆ ಹಿಡಿಯುವ ಗೋದಾಮು ನಿಮ್ಮದೇ ಆಗಿದ್ದರೆ ನೀವೇ ಮೊದಲು ಹೇಳಿ. "ಇದು ನಂದೈತ್ರಿ, ನಾ ಹೊರಗ ಕುಂದರ್ತೀನಿ, ನೀವು ಮಾತಾಡ್ರಿ" ಅಂದರೆ ಮುಗಿಯಿತು. ಹಾಗೆ ಹೊರಗೆ ಹೋದವರ ಮೇಲೆ ಊರಿನಲ್ಲಿ ಗೌರವ ಹೆಚ್ಚಾದದ್ದನ್ನೇ ನಾನು ನೋಡಿದ್ದೇನೆ.

ಒಪ್ಪಿಗೆ ಇಲ್ಲದಿದ್ದರೆ ಜಗಳ ಬೇಡ. "ನನ್ನ ವಿರೋಧ ನಡಾವಳಿಯಲ್ಲಿ ಬರೀರಿ" ಅಂದರೆ ಸಾಕು. ಮೀಟಿಂಗ್ ಮುಗಿದ 15 ದಿನದೊಳಗೆ ನಡಾವಳಿಯ ಕರಡು ನಿಮಗೆ ಬರಬೇಕು, ತಿದ್ದುಪಡಿ ಹೇಳಲು 7 ದಿನ ಇರುತ್ತದೆ. ವಾಟ್ಸಾಪಿನಲ್ಲಿ ಬಂದ ಕರಡನ್ನು ನೋಡದೆ ಹೆಬ್ಬೆರಳು ಒತ್ತಬೇಡಿ. ನೀವು ಹೇಳಿದ್ದು ಅದರಲ್ಲಿದೆಯಾ ನೋಡಿ.

ಮೂರು ತಿಂಗಳಾದ ಮೇಲೆ: ಬೆಳೆಯ ಜೊತೆಗೇ ಕಲಿಕೆ

ಕಲಿಕೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಕ್ಯಾಲೆಂಡರ್ ಹಾಕಿ ಕಲಿಯುವುದಕ್ಕಿಂತ ಬೆಳೆಯ ಲೆಕ್ಕದಲ್ಲಿ ಕಲಿತರೆ ಮರೆಯುವುದಿಲ್ಲ. ಪ್ರತಿ ಮೀಟಿಂಗಿನ ಮೊದಲ ಅರ್ಧ ಗಂಟೆ ಪಾಠಕ್ಕೆ ಅಂತ ಠರಾವು ಮಾಡಿಬಿಡಿ.

ಮೇ ತಿಂಗಳಲ್ಲಿ ಬೀಜ ಗೊಬ್ಬರದ ಲೈಸೆನ್ಸು ಮತ್ತು ಉದ್ರಿ ನೀತಿ. ಜೂನ್, ಜುಲೈನಲ್ಲಿ ಆಡಿಟರ್ ಅವರನ್ನೇ ಕರೆಸಿ ಅವರ ಬಾಯಲ್ಲಿ ಲೆಕ್ಕ ಕೇಳುವುದು. ಸಿಇಓ ಹೊರಗಿದ್ದಾಗ ಹತ್ತು ನಿಮಿಷ ಆಡಿಟರ್ ಜೊತೆ ಮಾತಾಡಿ, ಎಲ್ಲಿ ಸಡಿಲ ಇದೆ ಅಂತ ಕೇಳಿ. ಆಗಸ್ಟಿನಲ್ಲಿ ಮಹಾಸಭೆಯ ತಯಾರಿ. ನವೆಂಬರ್, ಡಿಸೆಂಬರ್ ಕಟಾವಿನ ಹೊತ್ತಿಗೆ ತೂಕ, ತೇವ, ದರ. ಮಾರ್ಚ್ 31ಕ್ಕೆ ಎಲ್ಲಾ ನಿರ್ದೇಶಕರೂ ನಿಂತು ಸ್ಟಾಕ್ ಎಣಿಸುವುದು. ಕುಷ್ಟಗಿ ಕಡೆ ದಾಳಿಂಬೆಯವರು, ರಾಯಚೂರಿನ ಹತ್ತಿಯವರು, ಬಳ್ಳಾರಿಯ ಮೆಣಸಿನಕಾಯಿಯವರು ತಮ್ಮ ಸುಗ್ಗಿಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ವರ್ಷಕ್ಕೊಮ್ಮೆ ಒಂದು ಕೆಟ್ಟ ದಿನವನ್ನು ಎದುರಿಗಿಟ್ಟುಕೊಂಡು ಮಾತಾಡಿ. ನಮಗೆ ಅಂಥ ದಿನ ಹುಡುಕಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಊರುಗಳಲ್ಲಿ ಆ ವಾರ ಯಾರಿಗೂ ನಿದ್ದೆ ಇರಲಿಲ್ಲ. ಆ ಬೆಳಿಗ್ಗೆ ಒಂದು ಎಫ್‌ಪಿಓ ಬೋರ್ಡು ಏನೇನು ಕೇಳಬೇಕಿತ್ತು? ಗೋದಾಮಿನಲ್ಲಿರುವ ಎರಡನೇ ಬೆಳೆಯ ಬೀಜ, ಗೊಬ್ಬರವನ್ನು ನಮಗೆ ಮಾರಿದವರು ವಾಪಸ್ ತೆಗೆದುಕೊಳ್ಳುತ್ತಾರಾ? ಕೊಟ್ಟ ಉದ್ರಿ ಈ ಸುಗ್ಗಿಗೆ ಬರುತ್ತದಾ? ಬ್ಯಾಂಕಿನ ಕಂತು ಯಾವ ತಾರೀಖು? ಇಂಥ ಪ್ರಶ್ನೆಗಳನ್ನು ಚಹಾ ಕುಡಿಯುತ್ತಾ ಒಂದು ಗಂಟೆ ಮಾತಾಡಿದರೆ, ನಿಜವಾಗಿ ಹಾಗಾದ ದಿನ ಕೈಕಾಲು ನಡುಗುವುದಿಲ್ಲ.

ಹೊರಗಿನ ಸಹಾಯಕ್ಕೆ ದೂರ ಹೋಗಬೇಕಿಲ್ಲ. 2020ರಲ್ಲಿ ಶುರುವಾದ 10,000 ಎಫ್‌ಪಿಓ ಯೋಜನೆಯಲ್ಲಿ ಆದ ಕಂಪನಿಗಳಿಗೆ ಕೈಹಿಡಿದು ನಡೆಸುವ ಸಂಸ್ಥೆಯನ್ನು 5 ವರ್ಷಕ್ಕೆ ಕೊಟ್ಟಿರುತ್ತಾರೆ. ನಿರ್ದೇಶಕರ ತರಬೇತಿ ಅವರ ಕೆಲಸದಲ್ಲೇ ಸೇರಿದೆ, ಕೇಳಿ ಪಡೆಯಿರಿ. ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡಿನ ಜಿಲ್ಲಾ ಅಧಿಕಾರಿಗಳನ್ನು ಮೀಟಿಂಗಿಗೆ ಕರೆಯಿರಿ. ಬೆಳೆ, ಗುಣಮಟ್ಟದ ವಿಷಯಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯ, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮಾರ್ಕೆಟಿಂಗೋ ಲೆಕ್ಕವೋ ಚೆನ್ನಾಗಿ ಬಲ್ಲವರು ಊರಲ್ಲಿದ್ದರೆ ಅವರನ್ನು ಪರಿಣತ ನಿರ್ದೇಶಕರಾಗಿ ಬೋರ್ಡಿಗೇ ಸೇರಿಸಿಕೊಳ್ಳಬಹುದು. ಇಂಥವರ ಸಂಖ್ಯೆ ಒಟ್ಟು ನಿರ್ದೇಶಕರ ಐದನೇ ಒಂದು ಭಾಗ ಮೀರಬಾರದು ಅಷ್ಟೇ. ತರಬೇತಿಗೆ ಹೋಗಿ ಬಂದವರು ಮುಂದಿನ ಮೀಟಿಂಗಿನಲ್ಲಿ ಹತ್ತು ನಿಮಿಷ ಉಳಿದವರಿಗೆ ಹೇಳಲೇಬೇಕು. ಹೇಳಬೇಕು ಅಂತ ಗೊತ್ತಿದ್ದರೆ ಅಲ್ಲಿ ಕಿವಿಗೊಟ್ಟು ಕೇಳುತ್ತಾರೆ.

ಅವಧಿ ಮುಗಿದಾಗ

ನಿರ್ದೇಶಕರ ಅವಧಿ ಹೆಚ್ಚೆಂದರೆ 5 ವರ್ಷ. ಮುಗಿದು ಇಳಿಯುವಾಗ ಶಾಲು ಹೊದಿಸುತ್ತಾರೆ, ಮನೆಗೆ ಬರುತ್ತೇವೆ. ಆ ವಾರದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಜಾಗಕ್ಕೆ ಬಂದವರ ಮನೆಗೆ ಹೋಗಿ. ಆ ಉದ್ದನೆಯ ನೋಟ್‌ಬುಕ್ ಕೈಯಲ್ಲಿರಲಿ. ಲೈಸೆನ್ಸಿನ ತಾರೀಖುಗಳು, ವಸೂಲಾಗದ ಉದ್ರಿಯ ಹೆಸರುಗಳು, ಇನ್ನೂ ಜಾರಿಯಾಗದ ಠರಾವುಗಳು, ಈ ಮೂರು ಪುಟ ತೆರೆದು ತೋರಿಸಿ. ಉಳಿದದ್ದನ್ನು ಅವರೇ ಓದಿಕೊಳ್ಳುತ್ತಾರೆ. ನಾನು ನನ್ನದನ್ನು ಕೊಡಲು ಹೋದಾಗ ಹೊಸಬರು ಪುಟ ತಿರುವುತ್ತಾ ಆ ಮೊದಲ ಠರಾವಿನ ಹತ್ತಿರ ನಿಂತರು. "ಅಣ್ಣಾರ, ಇಲ್ಲಿ ಯಾಕ ಕೆಂಪು ಗೆರೆ ಎಳದೀರಿ?" ಅಂತ ಕೇಳಿದರು. ಅಲ್ಲಿಂದಲೇ ಮಾತು ಶುರು ಮಾಡಿದೆ, ಅವರ ಮನೆಯಲ್ಲಿ ಎರಡು ಸಲ ಚಹಾ ಆಯಿತು.